ಯಜಮಾನ ಯಾರು ಅಂತ ಮೊದಲು ನೋಡಿ ರಾಯರೇ

ಚೆನ್ನೈ ಪಶ್ಚಿಮ ಮಾಂಬಲದ ನಮ್ಮ ಓಣಿಯಲ್ಲಿ ಬೆಳಗ್ಗೆ ಕಾಂಪೌಂಡಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ಬಹಳ ವರ್ಷ ಒಂದೇ ಆಗಿತ್ತು: "ಮೆಟ್ರೋ ನೀರು ಬಂತಾ?" ನೀರಿನ ತಾಪತ್ರಯ ತೀರಿತು ಅಂತಲ್ಲ, ಬೇಸಿಗೆ ಬಂದರೆ ಅದು ಇದ್ದದ್ದೇ. ಆದರೆ ಈಗ ಮೊದಲ ಪ್ರಶ್ನೆ ಬೇರೆ. "ನಿಮಗೆ ಓಪನ್ ಆಗ್ತಾ ಉಂಟಾ ಅಮ್ಮಾ?" ಏನು ಓಪನ್ ಆಗಬೇಕು ಅಂತ ನಾನು ತಿರುಗಿ ಕೇಳೋದಿಲ್ಲ. ಪಕ್ಕದ ಮನೆ ರಾಯರು ಪಂಚೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಗೋಡೆಗೆ ಒರಗಿದರೆ, ಅವರ ಬಿಲ್ಲಿಂಗ್ ಸಾಫ್ಟ್‌ವೇರು ಮುನಿಸಿಕೊಂಡಿದೆ ಎಂದೇ ಅರ್ಥ.

ರಾಯರ ತಂದೆ ಉಡುಪಿ ಕಡೆಯಿಂದ ಬಂದವರು. ಕಡಂದಲೆ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು, ಆಮೇಲೆ ಮದರಾಸಿನಲ್ಲಿ ನಮ್ಮ ಕಡೆಯವರ ಹೋಟೆಲುಗಳ ಭರಾಟೆ ಏರಿದ್ದು, ಇದೆಲ್ಲ ಅವರ ಮನೆಯಲ್ಲಿ ಊಟದ ಹೊತ್ತಿನ ಮಾತು. ಊರಿಂದ ಬಂದವರೆಲ್ಲ ಹೋಟೆಲಿಟ್ಟರೆ ರಾಯರ ತಂದೆ ಹೋಟೆಲುಗಳಿಗೆ ಪಾತ್ರೆ ಕೊಡುವ ವ್ಯಾಪಾರ ಹಿಡಿದರು. ಈಗಲೂ ಅದೇ: ಇಡ್ಲಿ ಸ್ಟೀಮರು, ಸಾಂಬಾರಿನ ಕೊಳಗ, ದೋಸೆಕಲ್ಲು, ಗ್ರೈಂಡರು. ಅಂಬತ್ತೂರಿನಲ್ಲಿ ಗೋಡೌನು, ಏಳೆಂಟು ಜನ ಕೆಲಸದವರು. ಹೆಸರಿಗೆ ಪ್ರೈವೇಟ್ ಲಿಮಿಟೆಡ್. ಡೈರೆಕ್ಟರುಗಳು ಇಬ್ಬರೇ, ರಾಯರು ಮತ್ತು ಅವರ ಹೆಂಡತಿ. ಆಕೆಯನ್ನು ಓಣಿಗೆ ಓಣಿಯೇ ಅಕ್ಕ ಅನ್ನುತ್ತದೆ. ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದು ನಿವೃತ್ತಳಾದವಳು. ಈಗ ನಾಲ್ಕಾರು ಅಂಗಡಿಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಹಾಗಾಗಿ ಕಾಂಪೌಂಡಿನ ಈಚೆ ಒಂದು ಉಚಿತ ಆಸ್ಪತ್ರೆ ಉಂಟು ಅಂತ ರಾಯರು ತೀರ್ಮಾನ ಮಾಡಿಬಿಟ್ಟಿದ್ದಾರೆ.

ಅವರ ಅಂಗಡಿಯ ಲೆಕ್ಕ ಬಂದ ದಾರಿಯನ್ನು ಕೇಳಿದರೆ ಈ ಊರಿನ ಚರಿತ್ರೆಯೇ ಸಿಗುತ್ತದೆ. ತಂದೆಯ ಕಾಲಕ್ಕೆ ಕೆಂಪು ಬಟ್ಟೆಯ ರಟ್ಟಿನ ಲೆಡ್ಜರು. ಆಮೇಲೆ ನಮ್ಮ ಬೆಂಗಳೂರಿನ ಟ್ಯಾಲಿ ಸಾಫ್ಟ್‌ವೇರು, ಮೇಜಿನ ಕೆಳಗೆ ನೆಲದ ಮೇಲೆ ಕೂತಿದ್ದ ಒಂದು ಕಂಪ್ಯೂಟರಿನಲ್ಲಿ. 2015ರ ಡಿಸೆಂಬರಿನಲ್ಲಿ ಅಡ್ಯಾರು ನದಿ ಉಕ್ಕಿ ಊರು ಮುಳುಗಿದಾಗ ನೆಲದ ಮೇಲಿದ್ದ ಕಂಪ್ಯೂಟರುಗಳ ಗತಿ ಏನಾಯಿತು ಅಂತ ಹೇಳಬೇಕಾಗಿಲ್ಲ. ಮಾರನೆಯ ದಿನ 'ದಿ ಹಿಂದೂ' ಪತ್ರಿಕೆಯೇ ಅಚ್ಚಾಗಲಿಲ್ಲ, ಮರೈಮಲೈ ನಗರದ ಪ್ರೆಸ್ಸಿಗೆ ಕೆಲಸದವರು ತಲುಪಲಾಗದೆ. ರಾಯರ ಬ್ಯಾಕಪ್ಪು ಪೆನ್‌ಡ್ರೈವಿನಲ್ಲಿತ್ತು, ನಿಜ. ಆ ಪೆನ್‌ಡ್ರೈವು ಅದೇ ಮೇಜಿನ ಕೆಳಗಿನ ಡ್ರಾಯರಿನಲ್ಲಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. "ಇನ್ನು ಮೇಲೆ ಕ್ಲೌಡಿಗೆ ಹೋಗಿಬಿಡಿ" ಅಂದರು ಅವರ ಆಡಿಟರು. ಹೋದರು. 2023ರ ಡಿಸೆಂಬರ್ 4ರ ಮಿಚಾಂಗ್ ಚಂಡಮಾರುತದ ಮಳೆಗೆ ಮತ್ತೆ ಊರೆಲ್ಲ ನೀರು, ಆದರೆ ಈ ಸಲ ಲೆಕ್ಕ ಒದ್ದೆಯಾಗಲಿಲ್ಲ. ಕರೆಂಟಿಲ್ಲ, ಟವರಿಲ್ಲ, ಫೋನಿನಲ್ಲಿ ಚಾರ್ಜಿಲ್ಲ. "ಲೆಕ್ಕ ಭದ್ರವಾಗಿ ಉಂಟಮ್ಮಾ, ನೋಡ್ಲಿಕ್ಕೆ ಮಾತ್ರ ಆಗುದಿಲ್ಲ" ಅಂತ ರಾಯರು ಬಾಲ್ಕನಿಯಿಂದ ಕೂಗಿ ಹೇಳಿದರು. ಮಳೆಗಾಲಕ್ಕೆ ಮುಂಚೆ ಬಾಕಿದಾರರ ಪಟ್ಟಿಯನ್ನಾದರೂ ಕಾಗದದ ಮೇಲೆ ತೆಗೆದಿಟ್ಟುಕೊಳ್ಳುವ ಪದ್ಧತಿ ಅಂದಿನಿಂದ ಶುರುವಾಯಿತು.

ತಮಾಷೆ ಏನೆಂದರೆ, ಇಂಥ ಸಾಫ್ಟ್‌ವೇರನ್ನು ಲೋಕಕ್ಕೆಲ್ಲ ಮಾಡಿ ಕೊಡುವ ಊರೇ ಇದು. 1996ರಲ್ಲಿ ಶ್ರೀಧರ್ ವೆಂಬು ಮತ್ತು ಜೊತೆಯವರು ಅಡ್ವೆಂಟ್‌ನೆಟ್ ಅಂತ ಶುರುಮಾಡಿದ ಕಂಪನಿ 2009ರಲ್ಲಿ ಝೋಹೋ ಅಂತ ಹೆಸರು ಬದಲಿಸಿಕೊಂಡು ಗುಡುವಾಂಚೇರಿ ಹತ್ತಿರ ಬೀಡುಬಿಟ್ಟಿದೆ. ಅದು ಇರುವುದು ಜಿಎಸ್‌ಟಿ ರಸ್ತೆಯಲ್ಲಿ. ಗ್ರ್ಯಾಂಡ್ ಸದರ್ನ್ ಟ್ರಂಕ್ ರಸ್ತೆ ಅಂತ ಅದರ ಪೂರ್ತಿ ಹೆಸರು, ತೆರಿಗೆ ಬರುವ ಎಷ್ಟೋ ಮುಂಚಿನದು. ಗಿರೀಶ್ ಮಾತೃಭೂತಂ ಮತ್ತು ಶಾನ್ ಕೃಷ್ಣಸಾಮಿ 2010ರಲ್ಲಿ ಇಲ್ಲೇ ಫ್ರೆಶ್‌ಡೆಸ್ಕ್ ಕಟ್ಟಿದರು. ಗಿರಾಕಿಗಳ ದೂರುಗಳನ್ನು ಒಂದು ಕಡೆ ಸೇರಿಸಿ ನಿಭಾಯಿಸುವ ಸಾಫ್ಟ್‌ವೇರು ಅದು. ಅಮೆರಿಕದಿಂದ ಸಾಮಾನು ಸಾಗಿಸುವಾಗ ಟಿವಿ ಒಡೆದು, ಪರಿಹಾರಕ್ಕೆ ಅಲೆದಾಡಿದ ಕಥೆಯನ್ನು ಗಿರೀಶರೇ ಎಷ್ಟೋ ಕಡೆ ಹೇಳಿದ್ದಾರೆ. ಆ ಕಂಪನಿ ಫ್ರೆಶ್‌ವರ್ಕ್ಸ್ ಅಂತಾಗಿ 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸ್ಡಾಕ್ ಶೇರುಪೇಟೆಗೂ ಹತ್ತಿತು. ಇದನ್ನೆಲ್ಲ ನಾನು ಹೇಳಿದರೆ ರಾಯರು ತಲೆದೂಗಿ, "ಎಲ್ಲ ಸಂತೋಷವೇ. ನನ್ನ ಬಿಲ್ಲು ಯಾಕೆ ಪ್ರಿಂಟ್ ಆಗ್ತಾ ಇಲ್ಲ, ಅದು ಹೇಳಿ" ಅನ್ನುತ್ತಾರೆ.

ಪ್ರಿಂಟಿನ ರಹಸ್ಯ ದೊಡ್ಡದೇನಲ್ಲ. ಬಿಲ್ಲಿನ ಪುಟ ಹೊಸ ಕಿಟಕಿಯಲ್ಲಿ ತೆರೆಯಬೇಕು, ಬ್ರೌಸರು ಅದನ್ನು ಜಾಹೀರಾತು ಅಂದುಕೊಂಡು ಬಾಗಿಲಲ್ಲೇ ತಡೆಯುತ್ತದೆ. ಮೇಲೆ ಬಲಗಡೆ ಒಂದು ಸಣ್ಣ ಗುರುತು ಮಿಣಮಿಣ ಅನ್ನುತ್ತಿರುತ್ತದೆ, ಯಾರೂ ನೋಡುವುದಿಲ್ಲ. ಒತ್ತಿ, ಅನುಮತಿ ಕೊಟ್ಟರೆ ಮುಗಿಯಿತು. ರಾಯರ ಅಂಗಡಿಯಲ್ಲಿ ಅಷ್ಟರೊಳಗೆ ಪ್ರಿಂಟರಿನವನನ್ನು ಕರೆಸಿ ಟೋನರು ಬದಲಾಯಿಸಿ ದುಡ್ಡು ಕೊಟ್ಟಾಗಿತ್ತು.

ಅಂದಿನಿಂದ ನಾನು ಮೊದಲು ಕೇಳುವ ಪ್ರಶ್ನೆ ಇದು: "ನಿಮಗೊಬ್ಬರಿಗೇನಾ, ಎಲ್ಲರಿಗೂ ಹೀಗೇನಾ?" ಗೋಡೌನಿನ ಹುಡುಗನ ಕಂಪ್ಯೂಟರಿನಲ್ಲಿ ಬರುತ್ತಿದೆಯೋ? ಅದೇ ಕಂಪ್ಯೂಟರಿನ ಬೇರೆ ಬ್ರೌಸರಿನಲ್ಲಿ? ಇನ್‌ಕಾಗ್ನಿಟೋ ಕಿಟಕಿಯಲ್ಲಿ? ವೈಫೈ ಬಿಟ್ಟು ಫೋನಿನ ಡೇಟಾದಲ್ಲಿ? ಇನ್‌ಕಾಗ್ನಿಟೋದಲ್ಲಿ ಸರಿಯಾಗಿ ಬಂದರೆ ತಪ್ಪು ಸಾಫ್ಟ್‌ವೇರಿನದಲ್ಲ, ಬ್ರೌಸರು ಕಟ್ಟಿಟ್ಟುಕೊಂಡ ಹಳೇ ಸರಕಿನದು, ಇಲ್ಲವೇ ಯಾವುದೋ ಎಕ್ಸ್‌ಟೆನ್ಶನ್ನಿನದು. ಫೋನಿನ ಡೇಟಾದಲ್ಲಿ ಬಂದರೆ ತಪ್ಪು ವೈಫೈಯದು. ಇಷ್ಟು ನೋಡುವುದಕ್ಕೆ ಕಾಫಿ ಆರುವಷ್ಟು ಹೊತ್ತೂ ಬೇಡ.

ನಿಜವಾಗಿಯೂ ಎಲ್ಲರಿಗೂ ನಿಂತ ದಿನಗಳಿಲ್ಲವೇ? ಇವೆ. 2025ರ ಜನವರಿಯಲ್ಲಿ ಜಿಎಸ್‌ಟಿ ಪೋರ್ಟಲೇ ಕೈಕೊಟ್ಟು, ಜಿಎಸ್‌ಟಿಆರ್-1 ರಿಟರ್ನು ಹಾಕುವ ಗಡುವನ್ನು 11ರಿಂದ 13ಕ್ಕೆ ಮುಂದೂಡಿದರು. ಅದೇ ವರ್ಷ ಅಕ್ಟೋಬರ್ 20ರಂದು ಅಮೆಜಾನಿನ ವರ್ಜೀನಿಯಾ ಡೇಟಾ ಸೆಂಟರುಗಳ ಕಡೆ ಎಡವಟ್ಟಾಯಿತು. ಹೆಸರು ಕೊಟ್ಟರೆ ವಿಳಾಸ ಹೇಳುವ ಡಿಎನ್‌ಎಸ್ ಪಟ್ಟಿಯನ್ನು ತಾನಾಗಿಯೇ ತಿದ್ದುವ ವ್ಯವಸ್ಥೆಯಲ್ಲಿ ಎರಡು ಪ್ರೋಗ್ರಾಮುಗಳು ಒಂದರ ಕಾಲಿಗೆ ಇನ್ನೊಂದು ಅಡ್ಡ ಬಂದು, ಒಂದು ಮುಖ್ಯ ವಿಳಾಸವೇ ಖಾಲಿಯಾಗಿಬಿಟ್ಟಿತು. ಅಮೆಜಾನಿನ ಕಂಪ್ಯೂಟರುಗಳ ಮೇಲೆ ನಡೆಯುವ ಎಷ್ಟೋ ಆ್ಯಪುಗಳು ಲೋಕದಲ್ಲೆಲ್ಲ ಗಂಟೆಗಟ್ಟಲೆ ನಿಂತವು. ನಮ್ಮ ಚೆನ್ನೈನಲ್ಲಿ ಆಗ ಮಧ್ಯಾಹ್ನ ಹನ್ನೆರಡು ದಾಟಿತ್ತು, ಮತ್ತು ಅಂದು ದೀಪಾವಳಿ. ಎಣ್ಣೆ ಸ್ನಾನ ಮುಗಿಸಿ, ಲೇಹ್ಯ ತಿಂದು, ಅಂಗಡಿಗೆ ಬೀಗ ಹಾಕಿ ಮಲಗಿದ್ದ ವ್ಯಾಪಾರಿಗಳಿಗೆ ವರ್ಜೀನಿಯಾ ಬಿದ್ದದ್ದೂ ಗೊತ್ತಾಗಲಿಲ್ಲ, ಎದ್ದದ್ದೂ ಗೊತ್ತಾಗಲಿಲ್ಲ. ಇಂಥ ದಿನ ನಾವು ಮಾಡುವಂಥದ್ದು ಒಂದೇ: ಆ ಕಂಪನಿಯವರ ಸ್ಟೇಟಸ್ ಪುಟ ನೋಡಿ, ಸುಮ್ಮನಿರುವುದು. ಪಾಸ್‌ವರ್ಡು ಬದಲಾಯಿಸೋದು, ಆ್ಯಪು ಅಳಿಸಿ ಮತ್ತೆ ಹಾಕೋದು, ಇವೆಲ್ಲ ಆ ದಿನ ಮಾಡಬಾರದು. ಅವರದು ಸರಿಯಾದ ಮೇಲೂ ನಮ್ಮದು ಕೆಟ್ಟೇ ಇರುತ್ತದೆ.

ಆದರೆ ಇಂಥ ದಿನಗಳು ವರ್ಷಕ್ಕೊಂದೋ ಎರಡೋ. ಉಳಿದ ದಿನಗಳ ತಂಟೆಯೆಲ್ಲ ಅಂಗಡಿಯದೇ. ಹೊಸೂರಿನ ಗಿರಾಕಿಯ ಪ್ರಸಂಗ ಕೇಳಿ. ಒಂದು ಕೇಟರಿಂಗ್ ಕಂಪನಿ, ಮುಖ್ಯ ಕಚೇರಿ ಬೆಂಗಳೂರು. ರಾಯರು ಅದಕ್ಕೆ ವರ್ಷಗಟ್ಟಲೆ ಪಾತ್ರೆ ಕೊಟ್ಟಿದ್ದಾರೆ. ಒಂದು ದಿನ ಅವರು ಬಿಲ್ಲು ವಾಪಸು ಕಳಿಸಿದರು: "ಐಜಿಎಸ್‌ಟಿ ಹಾಕಿದ್ದೀರಿ, ನಮಗೆ ಬೇಡ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇಕು." ರಾಯರಿಗೆ ಕೋಪ ನೆತ್ತಿಗೇರಿತು. "ನಿನ್ನೆವರೆಗೆ ಸರಿ ಇತ್ತಲ್ಲ! ಸಾಫ್ಟ್‌ವೇರಿಗೆ ಈಗ ತೆರಿಗೆ ಲೆಕ್ಕವೂ ಮರೆತುಹೋಯಿತಾ?"

ನಾನು ಗಿರಾಕಿಯ ಜಿಎಸ್‌ಟಿ ನಂಬರು ಓದಿಸಿದೆ. ಹದಿನೈದು ಅಕ್ಷರಗಳ ನಂಬರು ಅದು. ಮೊದಲ ಎರಡು ಅಂಕಿ ರಾಜ್ಯದ್ದು, ಆಮೇಲಿನ ಹತ್ತು ಪ್ಯಾನ್. ಅಂಗಡಿಯಲ್ಲಿ ಹಾಕಿಟ್ಟ ನಂಬರು ಶುರುವಾಗುವುದು 29ರಿಂದ, ಅಂದರೆ ಕರ್ನಾಟಕ. ಗಿರಾಕಿ ಕಳಿಸಿದ ಆರ್ಡರಿನ ಕೆಳಗೆ ಇದ್ದದ್ದು 33, ಅಂದರೆ ತಮಿಳುನಾಡು. ಹತ್ತು ಅಕ್ಷರದ ಪ್ಯಾನ್ ಅದೇ, ಕಂಪನಿ ಅದೇ. ಅವರು ಹೊಸೂರಿನಲ್ಲಿ ಬ್ರಾಂಚು ತೆರೆದು ಇಲ್ಲಿಯೂ ನೋಂದಣಿ ಮಾಡಿಸಿಕೊಂಡಿದ್ದರು. ಇನ್ನು ಮೇಲೆ ಬಿಲ್ಲು ಆ ಬ್ರಾಂಚಿನ ಹೆಸರಿಗೆ ಬೇಕು ಅಂತ ಆರ್ಡರಿನಲ್ಲೇ ಬರೆದಿದ್ದರು. ಬಿಲ್ಲು ಬೆಂಗಳೂರಿನವರ ಹೆಸರಿಗೆ, ಸರಕು ಹೊಸೂರಿಗೆ ಹೋಗುವಾಗ ರಾಜ್ಯ ದಾಟಿದ ವ್ಯಾಪಾರದ ಐಜಿಎಸ್‌ಟಿಯೇ ಸರಿ. ಬಿಲ್ಲೂ ಹೊಸೂರಿನ ನೋಂದಣಿಗೇ ಆದರೆ ಎರಡೂ ಕಡೆ ತಮಿಳುನಾಡು, ಆಗ ಅದೇ ತೆರಿಗೆ ಕೇಂದ್ರಕ್ಕೊಂದು (ಸಿಜಿಎಸ್‌ಟಿ), ರಾಜ್ಯಕ್ಕೊಂದು (ಎಸ್‌ಜಿಎಸ್‌ಟಿ) ಅಂತ ಎರಡು ಪಾಲು. ಸಾಫ್ಟ್‌ವೇರು ಬರೆದಿಟ್ಟದ್ದನ್ನೇ ಓದಿತ್ತು. ಬದಲಾದದ್ದು ಗಿರಾಕಿ, ಬದಲಾಗದೆ ಉಳಿದದ್ದು ನಮ್ಮ ಕಡತ.

"ಸರಿ, ಈಗ ತಿದ್ದಿದರೆ ಆಯಿತಲ್ಲ?" ಅಂದರು ರಾಯರು. ಇಲ್ಲಿ ಇನ್ನೊಂದು ಗಂಟು. ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್ವಾಯ್ಸ್ ಕಡ್ಡಾಯ. ಬಿಲ್ಲು ಸರ್ಕಾರದ ಪೋರ್ಟಲಿಗೆ ಹೋಗಿ, 64 ಅಕ್ಷರಗಳ ಒಂದು ನಂಬರೂ ಕ್ಯೂಆರ್ ಗುರುತೂ ಹೊತ್ತು ವಾಪಸು ಬರುತ್ತದೆ. ಅದನ್ನು ಪೋರ್ಟಲಿನಲ್ಲಿ ರದ್ದು ಮಾಡಬೇಕಾದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಬೇಕು. ಅದು ಮೀರಿದರೆ ಕ್ರೆಡಿಟ್ ನೋಟು ಬರೆದು ಹೊಸ ಬಿಲ್ಲು ಹಾಕಬೇಕು. ರಾಯರ ಬಿಲ್ಲು ಹೊಸೂರಿಗೆ ಹೋಗಿ, ಸಾಹೇಬರ ಮೇಜಿನ ಮೇಲೆ ಮಲಗಿ, ಎದ್ದು ಬರುವಷ್ಟರಲ್ಲಿ ವಾರವಾಗಿತ್ತು.

ಹಾಗಾಗಿ ಎರಡನೇ ಪ್ರಶ್ನೆ: "ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು?" ಈ ಪ್ರಶ್ನೆಗೆ ಬರುವ ಉತ್ತರ ಯಾವಾಗಲೂ ಒಂದೇ, "ಏನೂ ಬದಲಾಗಲಿಲ್ಲ." ಅದನ್ನು ನಂಬಬಾರದು.

ಒಂದು ಸಲ ರಾಯರ ಲಾಗಿನ್ ಕೋಡುಗಳು ಒಂದಾದ ಮೇಲೊಂದು ತಪ್ಪು ಅಂತ ಬಂದವು. ಫೋನಿನ ಆ್ಯಪು ಕೊಡುವ ಆರಂಕಿ ಕೋಡು, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವಂಥದ್ದು. ಏನೂ ಬದಲಾಗಲಿಲ್ಲವಂತೆ. ಫೋನು ಇಸಕೊಂಡು ನೋಡಿದರೆ ಅದರ ಗಡಿಯಾರ ಹತ್ತು ನಿಮಿಷ ಮುಂದಿದೆ! "ಅದು ನಾನೇ ಇಟ್ಟದ್ದು. ರೈಲು ತಪ್ಪಬಾರದು ಅಂತ. ನಮ್ಮ ತಂದೆ ಗೋಡೆ ಗಡಿಯಾರ ಹೀಗೇ ಇಡುತ್ತಿದ್ದರು." ಆ ಕೋಡು ಹುಟ್ಟುವುದೇ ಗಡಿಯಾರದ ಲೆಕ್ಕದಿಂದ. ಫೋನು ಹತ್ತು ನಿಮಿಷ ಮುಂದೆ ಹೋಗಿ ಇನ್ನೂ ಬಾರದ ಹೊತ್ತಿನ ಕೋಡು ಕೊಡುತ್ತಿತ್ತು, ಆಚೆಯ ಕಂಪ್ಯೂಟರು ಒಪ್ಪುತ್ತಿರಲಿಲ್ಲ. ಸಮಯವನ್ನು ತಾನಾಗಿಯೇ ಹೊಂದಿಸಿಕೊಳ್ಳಲು ಬಿಟ್ಟ ಕೂಡಲೇ ಬಾಗಿಲು ತೆರೆಯಿತು. ರಾಯರಿಗೆ ಬಾಗಿಲು ತೆರೆದ ಸಂತೋಷಕ್ಕಿಂತ ಹತ್ತು ನಿಮಿಷ ಕಳೆದುಕೊಂಡ ಬೇಜಾರೇ ಹೆಚ್ಚು.

ಗಡಿಯಾರದ್ದೇ ಇನ್ನೊಂದು ಪ್ರಸಂಗ ನಮ್ಮ ಓಣಿಯ ಕೊನೆಯ ಸೀರೆ ಅಂಗಡಿಯದು. ಬೆಳಗಿನ ಬಿಲ್ಲುಗಳಿಗೆಲ್ಲ ಹಿಂದಿನ ದಿನದ ತಾರೀಖು. ಖಾತೆ ತೆರೆದ ದಿನ ಯಾರೋ ಸಮಯ ವಲಯ ಕೇಳಿದಲ್ಲಿ ಏನೂ ಮುಟ್ಟದೆ ಮುಂದೆ ಹೋಗಿದ್ದರು, ಅದು ಅಮೆರಿಕದ ಪಶ್ಚಿಮ ಕರಾವಳಿಯ ಸಮಯವನ್ನೇ ಹಿಡಿದುಕೊಂಡಿತ್ತು. ಅಲ್ಲಿಯವರು ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಉಳಿದ ದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಏಪ್ರಿಲ್ 1ರ ಬೆಳಗ್ಗೆ ಹತ್ತಕ್ಕೆ ಮಾಡಿದ ಮೊದಲ ಬಿಲ್ಲು ಮಾರ್ಚ್ 31ರ ರಾತ್ರಿಗೆ, ಅಂದರೆ ಹೋದ ಆರ್ಥಿಕ ವರ್ಷಕ್ಕೆ ಹೋಗಿ ಕೂತಾಗ ಆಡಿಟರು ಕೂಗಾಡಿದರು. ಸೀರೆ ಚೆನ್ನೈದು, ವ್ಯಾಪಾರ ಕ್ಯಾಲಿಫೋರ್ನಿಯಾದ್ದು.

ಎಕ್ಸೆಲಿನಿಂದ ಪಟ್ಟಿ ಏರಿಸುವಾಗಲೂ ಇದೇ ಸಂತಾನದ ತೊಂದರೆಗಳು. ಗಿರಾಕಿಯ ಫೋನ್ ನಂಬರಿಗೆ ಮುಂದೆ 91 ಸೇರಿಸಿದ್ದೀರೋ, ಅದು 9.19ಇ+11 ಅಂತ ಮುದುಡಿಕೊಳ್ಳುತ್ತದೆ. ಬ್ಯಾಂಕ್ ಖಾತೆಯ ನಂಬರಿನ ಮುಂದಿನ ಸೊನ್ನೆಗಳು ಉದುರುತ್ತವೆ. 03/04 ಅಂತ ಬರೆದರೆ ನಮಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು. ತಿಂಗಳ ಹದಿಮೂರರಿಂದ ಮುಂದಿನ ತಾರೀಖುಗಳು ಮಾತ್ರ ದೋಷ ಅಂತ ವಾಪಸು ಬರುತ್ತವೆ. ಹನ್ನೆರಡರವರೆಗಿನವು ಸದ್ದಿಲ್ಲದೆ ತಪ್ಪು ತಿಂಗಳಿಗೆ ಹೋಗಿ ಸೇರುತ್ತವೆ. ವಾಪಸು ಬಂದವನ್ನು ತಿದ್ದಿ ನೆಮ್ಮದಿಯಾಗುವವರೇ ಹೆಚ್ಚು. ಒಳಗೆ ಹೋದವನ್ನು ಯಾರೂ ತೆರೆದು ನೋಡುವುದಿಲ್ಲ. ಏರಿಸುವ ಮುಂಚೆ ಆ ಕಾಲಮ್ಮನ್ನು ಟೆಕ್ಸ್ಟ್ ಅಂತ ಬದಲಾಯಿಸಿ, ಮೊದಲು ಐದೇ ಸಾಲು ಏರಿಸಿ ನೋಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಐನೂರು ಸಾಲು ಒಟ್ಟಿಗೆ ಏರಿಸುವ ಸುಖವನ್ನು ಬಿಡಲು ಯಾರಿಗೂ ಮನಸ್ಸಿಲ್ಲ.

ಇನ್ನು ಈಮೇಲು. "ನಿಮ್ಮ ಬಿಲ್ಲು ಬರಲೇ ಇಲ್ಲ, ಹಾಗಾಗಿ ದುಡ್ಡು ಹಾಕಲಿಲ್ಲ" ಅನ್ನುವುದು ವ್ಯಾಪಾರ ಹುಟ್ಟಿದಾಗಿನಿಂದ ಇರುವ ನೆಪ. ಅಂಚೆಯವನ ಮೇಲೆ ಹಾಕುತ್ತಿದ್ದರು, ಆಮೇಲೆ ಕೊರಿಯರಿನವನ ಮೇಲೆ. ಆದರೆ ಈಗ ಅದು ನಿಜವೂ ಆಗಿರಬಹುದು. ರಾಯರ ಮೇಲ್ ಇರುವುದು ಒಂದು ಕಂಪನಿಯಲ್ಲಿ, ಅವರ ಹೆಸರು ಹೊತ್ತು ಬಿಲ್ಲು ಕಳಿಸುವುದು ಇನ್ನೊಂದು ಕಂಪನಿಯ ಸಾಫ್ಟ್‌ವೇರು. ಈ ಇಬ್ಬರಿಗೂ ನಮ್ಮ ಹೆಸರಿನಲ್ಲಿ ಪತ್ರ ಹಾಕಲು ಅಪ್ಪಣೆ ಉಂಟು ಅಂತ ಡೊಮೇನಿನ ಡಿಎನ್‌ಎಸ್‌ನಲ್ಲಿ ಒಂದು ಸಾಲು ಬರೆದಿಡಬೇಕು, ಅದಕ್ಕೆ ಎಸ್‌ಪಿಎಫ್ ಅನ್ನುತ್ತಾರೆ. ಪತ್ರಕ್ಕೊಂದು ಮುದ್ರೆ ಒತ್ತುವುದು ಡಿಕಿಮ್. 2024ರ ಫೆಬ್ರವರಿಯಿಂದ ಗೂಗಲ್ ಇದರಲ್ಲಿ ಬಿಗಿಯಾಯಿತು. ಇವೆರಡರಲ್ಲಿ ಒಂದಾದರೂ ಇಲ್ಲದ ಪತ್ರ ಸ್ಪ್ಯಾಮಿಗೆ ಬೀಳಬಹುದು, ವಾಪಸೂ ಬರಬಹುದು. ರಾಯರ ಡೊಮೇನಿನಲ್ಲಿ ಎಸ್‌ಪಿಎಫ್ ಇತ್ತು, ಎರಡಿತ್ತು! ಮೊದಲಿನವನು ಒಂದು ಬರೆದಿದ್ದ, ಆಮೇಲಿನವನು ಅದರ ಕೆಳಗೆ ಇನ್ನೊಂದು. ಇರಬೇಕಾದ್ದು ಒಂದೇ ಸಾಲು, ಇಬ್ಬರ ಹೆಸರೂ ಅದರೊಳಗೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಸೇರಿಸಿ ಒಂದು ಮಾಡಿದೆವು. ಬಿಲ್ಲುಗಳು ತಲುಪತೊಡಗಿದವು. ದುಡ್ಡು ಬರುವುದು ಮಾತ್ರ ಮೊದಲಿನ ಹಾಗೇ ತಡ. ಅದಕ್ಕೆ ಡಿಎನ್‌ಎಸ್‌ನಲ್ಲಿ ಮದ್ದಿಲ್ಲ.

ಆ ಸಾಲು ತಿದ್ದಬೇಕಾದರೆ ಡೊಮೇನು ಕೊಂಡ ಕಡೆ ಒಳಗೆ ಹೋಗಬೇಕಲ್ಲ. ಅಲ್ಲಿಯೇ ನಿಜವಾದ ಕಥೆ ಬಿಚ್ಚಿಕೊಂಡದ್ದು. "ಪಾಸ್‌ವರ್ಡು ಎಲ್ಲಿದೆ ರಾಯರೇ?" "ಅದು ಆ ಹುಡುಗನ ಹತ್ರ ಉಂಟು." "ಯಾವ ಹುಡುಗ?" "ಮುಂಚೆ ಇದ್ದನಲ್ಲ, ಕೊಯಮತ್ತೂರಿಗೆ ಹೋದ." ಅವನನ್ನು ಹುಡುಕಿ, ಫೋನು ಹಚ್ಚಿ, ಕ್ಷೇಮ ಸಮಾಚಾರ ಮುಗಿಸಿ, ಪಾಸ್‌ವರ್ಡು ಪಡೆದದ್ದಾಯಿತು. ಒಳ್ಳೆಯ ಹುಡುಗ, ಕೊಟ್ಟ. ಅಷ್ಟರಲ್ಲೇ ಬಿಲ್ಲಿಂಗಿನ ಖಾತೆಯೇ ಬೀಗ ಹಾಕಿಕೊಂಡಿತು: ನೋಡಬಹುದು, ಹೊಸ ಬಿಲ್ಲು ಬರೆಯುವಂತಿಲ್ಲ. ವರ್ಷದ ಚಂದಾ ಕಟ್ಟಿಲ್ಲವಂತೆ. "ಕಾರ್ಡಿನಿಂದ ತಾನಾಗಿ ಹೋಗ್ತಿತ್ತು!" ಹೋಗುತ್ತಿತ್ತು, 2021ರ ಸೆಪ್ಟೆಂಬರ್‌ವರೆಗೆ. ಆ ವರ್ಷ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದು, ಕಾರ್ಡಿನಿಂದ ತಾನಾಗಿ ಕಡಿತವಾಗಬೇಕಾದರೆ ಮುಂಚೆ ಓಟಿಪಿ ಕೊಟ್ಟು ಒಪ್ಪಿಗೆ ದಾಖಲಿಸಬೇಕಾಯಿತು. ಒಂದು ಮಿತಿ ಮೀರಿದ ಮೊತ್ತಕ್ಕೆ ಪ್ರತಿ ಸಲವೂ ಓಟಿಪಿ. ಆ ಮಿತಿ ಮೊದಲು 5,000 ರೂಪಾಯಿ, 2022ರ ಜೂನ್‌ನಲ್ಲಿ 15,000ಕ್ಕೆ ಏರಿತು. ರಾಯರ ಚಂದಾ ತೆರಿಗೆ ಸೇರಿ ಅದನ್ನೂ ದಾಟುತ್ತದೆ. ಪ್ರತಿ ವರ್ಷ ಯಾರೋ ನೆನಪಿಟ್ಟು ಕಟ್ಟುತ್ತಿದ್ದರು. ಆ ಯಾರೋ ಕೊಯಮತ್ತೂರಿಗೆ ಹೋಗಿದ್ದ. ಸಾಫ್ಟ್‌ವೇರಿನವರು ಮೂರು ಎಚ್ಚರಿಕೆ ಕಳಿಸಿದ್ದರು. ಮೂರೂ ಅವನ ಸ್ವಂತ ಜಿಮೇಲಿಗೆ ಹೋಗಿದ್ದವು.

ಸೆಟ್ಟಿಂಗ್ಸ್ ತೆರೆದು ನೋಡಿದರೆ ಖಾತೆಯ ಯಜಮಾನನ ಜಾಗದಲ್ಲಿ ಆ ಹುಡುಗನ ಹೆಸರು. ನಲವತ್ತು ವರ್ಷದ ಅಂಗಡಿ, ಹೊರಗೆ ಬೋರ್ಡಿನ ಮೇಲೆ ತಂದೆಯ ಹೆಸರು, ಒಳಗೆ ಫೋಟೋಕ್ಕೆ ಹಾರ. ಸಾಫ್ಟ್‌ವೇರಿನ ಕಣ್ಣಿಗೆ ರಾಯರು ಒಬ್ಬ ಸ್ಟಾಫು. ಅದೂ ರಿಪೋರ್ಟು ಮಾತ್ರ ನೋಡಬಹುದಾದ ಸ್ಟಾಫು! ಅಕ್ಕ ಆ ದಿನ ಕಾಂಪೌಂಡಿಗೆ ಬಂದು ನಿಂತು, "ನೋಡಮ್ಮ, ನಮ್ಮ ಕಂಪನಿಯಲ್ಲಿ ಇವರಿಗೆ ಕೆಲಸ ಕೊಟ್ಟಿದ್ದಾರಂತೆ" ಅಂದರು.

ಸಣ್ಣ ಕಂಪನಿಗಳ ನೂರೆಂಟು ತಂಟೆಗಳನ್ನು ಜಾಲಾಡಿದರೆ ತಳದಲ್ಲಿ ಸಿಗುವುದು ಇದೇ. ಸಾಫ್ಟ್‌ವೇರು ಕೆಟ್ಟಿರುವುದಿಲ್ಲ, ಅದರ ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿರುವುದಿಲ್ಲ. ಲೆಡ್ಜರಿನ ಕಾಲದಲ್ಲಿ ಗಲ್ಲಾ ಪೆಟ್ಟಿಗೆಯ ಕೀಲಿಯನ್ನು ಯಾವ ಗುಮಾಸ್ತನಿಗೂ ಕೊಟ್ಟು ಊರಿಗೆ ಹೋಗದಿದ್ದವರು, ಈಗ ಅಂಗಡಿಯ ಪೂರ್ತಿ ಲೆಕ್ಕವನ್ನು ಇವತ್ತು ಇದ್ದು ನಾಳೆ ಹೋಗುವ ಹುಡುಗನ ಜಿಮೇಲಿನ ಮೇಲೆ ನಿಲ್ಲಿಸುತ್ತಾರೆ. ಯಾಕೆಂದರೆ ಅದು ಕಂಪ್ಯೂಟರಿನ ಕೆಲಸ, ಯಜಮಾನರ ಕೆಲಸ ಅಲ್ಲ ಅನ್ನುವ ಭಾವನೆ. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಬೇರೆ ಈಮೇಲು ಯಾರೂ ಕೊಟ್ಟಿರಲಿಲ್ಲ.

ಖಾತೆ ಬಿಡಿಸಿಕೊಳ್ಳಲು ಕಂಪನಿಯ ಸಹಾಯವಾಣಿಗೆ ಬರೆಯಬೇಕಾಯಿತು. ರಾಯರು ಬರೆದ ಮೊದಲ ಪತ್ರ ಹೀಗಿತ್ತು: "ಅರ್ಜೆಂಟ್. ವರ್ಕ್ ಆಗ್ತಾ ಇಲ್ಲ. ಕೂಡಲೇ ಸರಿ ಮಾಡಿ." ಡಾಕ್ಟರ ಮುಂದೆ ಕೂತು "ಹುಷಾರಿಲ್ಲ" ಅಂತಷ್ಟೇ ಹೇಳಿ ಎದ್ದು ಬಂದ ಹಾಗಾಯಿತು. ಯಾವ ಬಿಲ್ಲು, ಯಾವ ನಂಬರು, ಎಷ್ಟು ಗಂಟೆಗೆ, ಏನು ಒತ್ತಿದಾಗ, ಪರದೆಯ ಮೇಲೆ ಅಕ್ಷರಕ್ಕಕ್ಷರ ಏನು ಬಂತು, ಬೇರೆಯವರಿಗೂ ಹೀಗೇನಾ, ಇಷ್ಟನ್ನು ಒಂದು ಸ್ಕ್ರೀನ್‌ಶಾಟಿನ ಜೊತೆ ಕಳಿಸಿದರೆ ಆಚೆಯವರಿಗೆ ಹಿಡಿಯಲು ಒಂದು ತುದಿ ಸಿಗುತ್ತದೆ. ಆಚೆ ಕೂತವರು ನಮ್ಮ ಮಕ್ಕಳ ವಯಸ್ಸಿನವರು. ದಿನವಿಡೀ "ಅರ್ಜೆಂಟ್" ಓದಿ ಓದಿ ಆ ಮಾತಿನ ಬಿಸಿಯೇ ಅವರಿಗೆ ತಟ್ಟುವುದಿಲ್ಲ. ಎರಡನೇ ಪತ್ರ ನಾನು ಹೇಳಿಕೊಟ್ಟು, ಅಕ್ಕ ಟೈಪು ಮಾಡಿ, ಕಂಪನಿಯ ನೋಂದಣಿ ಪತ್ರ ಲಗತ್ತಿಸಿ ಹೋಯಿತು. ಆ ನಡುವೆ ರಾಯರು ಗೂಗಲಿನಲ್ಲಿ ಕಸ್ಟಮರ್ ಕೇರ್ ನಂಬರು ಹುಡುಕಿ ಯಾರಿಗೋ ಫೋನು ಹಚ್ಚಿದ್ದರು. ಆತ ಬಹಳ ಮರ್ಯಾದೆಯಿಂದ ಮಾತಾಡಿ, ಪರದೆ ಹಂಚಿಕೊಳ್ಳುವ ಆ್ಯಪು ಹಾಕಿಕೊಳ್ಳಿ, ಬಂದ ಓಟಿಪಿ ಓದಿ ಅಂದನಂತೆ. ಅಕ್ಕ ಫೋನು ಕಿತ್ತುಕೊಂಡದ್ದರಿಂದ ಬ್ಯಾಂಕಿನ ದುಡ್ಡು ಉಳಿಯಿತು. ಸಹಾಯದ ನಂಬರನ್ನು ಸಾಫ್ಟ್‌ವೇರಿನ ಒಳಗಿಂದಲೇ ತೆಗೆದುಕೊಳ್ಳಬೇಕು, ಹುಡುಕಿ ಅಲ್ಲ. ಓಟಿಪಿ ಕೇಳಿದವನು ಯಾವ ಕಂಪನಿಯವನೂ ಅಲ್ಲ.

ಈಗ ರಾಯರ ಮನೆಯಲ್ಲಿ ಒಂದು ನೋಟ್‌ಬುಕ್ಕಿದೆ. ಡೊಮೇನು ಎಲ್ಲಿ ಕೊಂಡದ್ದು, ಯಾವ ತಾರೀಖಿಗೆ ಮುಗಿಯುತ್ತದೆ. ಬಿಲ್ಲಿಂಗಿನ ಯಜಮಾನ ಯಾವ ಈಮೇಲು. ಯಾವ ಫೋನಿಗೆ ಓಟಿಪಿ. ಯಾವ ಕಾರ್ಡು, ಅದು ಯಾವಾಗ ಮುಗಿಯುತ್ತದೆ. ಫೋನು ಕಳೆದರೆ ಬಳಸುವ ಬ್ಯಾಕಪ್ ಕೋಡುಗಳು. ಪಾಸ್‌ವರ್ಡು ಅದರಲ್ಲಿ ಬರೆಯುವುದಿಲ್ಲ, ಉಳಿದದ್ದೆಲ್ಲ ಉಂಟು. ಈಮೇಲು ಯಾವ ಹುಡುಗನ ಹೆಸರಿನದೂ ಅಲ್ಲ, ಅಂಗಡಿಯದೇ. ಕೆಲಸ ಬಿಟ್ಟವನ ಲಾಗಿನ್ನು ಅವನ ಸಂಬಳ ಚುಕ್ತಾ ಮಾಡುವ ದಿನವೇ ಬಂದ್. ತಿಂಗಳಿಗೊಮ್ಮೆ ಪೂರ್ತಿ ಲೆಕ್ಕ ಇಳಿಸಿ ಇಟ್ಟುಕೊಳ್ಳುವುದು, ಈ ಸಲ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಅಲ್ಲ.

ಖಾತೆಗೆ ಯಜಮಾನರು ಈಗ ಇಬ್ಬರು, ರಾಯರು ಮತ್ತು ಅಕ್ಕ. ಅಕ್ಕ ಯಾಕೆ ಅಂತ ಕೇಳಿದಿರಾ? 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಅಳಿಸಲಾಗದಂತೆ ಇರಬೇಕು ಅಂತ ಕಾನೂನು. ಯಜಮಾನರಾದ ಮೇಲೆ ರಾಯರು ದಿನಾ "ಯಾರೋ ನನ್ನ ರೇಟು ಬದಲಾಯಿಸ್ತಾರೆ, ಗೋಡೌನಿನ ಹುಡುಗನೇ ಇರಬೇಕು" ಅಂತ ಗೊಣಗುತ್ತಿದ್ದರು. ಒಂದು ಸಂಜೆ ಆ ದಾಖಲೆ ತೆರೆದು ನೋಡಿದೆವು. ಗ್ರೈಂಡರಿನ ಬೆಲೆ ಬದಲಾದದ್ದು ರಾತ್ರಿ ಹನ್ನೊಂದು ನಲವತ್ತಕ್ಕೆ, ಬದಲಾಯಿಸಿದವರು ಸಾಕ್ಷಾತ್ ರಾಯರು, ಮಲಗುವ ಮುಂಚೆ ಫೋನಿನಲ್ಲಿ. ಅದಕ್ಕೂ ಹಿಂದಿನದು ಅವರೇ. ಅದರ ಹಿಂದಿನದೂ ಅವರೇ. ಪಾಪದ ಹುಡುಗ ಆ ದಿನ ಬಚಾವಾದ.

ಬೆಲೆ ಯಾರು ಬದಲಾಯಿಸಿದರೂ ತನ್ನ ಫೋನಿಗೆ ಸುದ್ದಿ ಬರುವ ಹಾಗೆ ಅಕ್ಕ ಅವತ್ತೇ ಎಚ್ಚರಿಕೆ ಹಾಕಿಸಿಕೊಂಡರು. "ರಾತ್ರಿ ಫೋನು ಪಕ್ಕಕ್ಕಿಟ್ಟು ಮಲಗಿ ಅಂತ ಮದುವೆಯಾದಾಗಿನಿಂದ ಹೇಳ್ತಾ ಇದ್ದೇನೆ, ಕೇಳಲಿಲ್ಲ. ಈಗ ಒಂದು ಪೈಸೆ ತಿದ್ದಿದರೂ ನನ್ನ ಫೋನು ಟಿಣ್ ಅನ್ತದೆ, ಇವರು ತಕ್ಷಣ ಗೊರಕೆ ಶುರು ಮಾಡ್ತಾರೆ. ವರ್ಷದ ಚಂದಾ ಇದಕ್ಕೇ ಕೊಟ್ಟರೂ ನಷ್ಟವಿಲ್ಲ ನೋಡಮ್ಮ" ಅಂತ ಅಕ್ಕ ಸಾಫ್ಟ್‌ವೇರಿಗೆ ಸರ್ಟಿಫಿಕೇಟು ಕೊಟ್ಟಿದ್ದಾರೆ.